ಸುಟ್ಟ ತಾಮ್ರ, ಬಿಚ್ಚಿದ ತಾಮ್ರ

ಕೆಟ್ಟುಹೋದ ವಿದ್ಯುತ್ ಉಪಕರಣಗಳಿಂದ ತಾಮ್ರ, ಅಲ್ಯೂಮಿನಿಯಂ, ಹಿತ್ತಾಳೆಗಳನ್ನು ತೆಗೆದು ಮಾರುವವರಲ್ಲಿ ಒಂದು ನಂಬಿಕೆ ಆಳವಾಗಿ ಬೇರೂರಿದೆ: ಬೇಗ ಒಡೆದವನಿಗೆ ಸಂಪಾದನೆ, ಜೋಪಾನವಾಗಿ ಬಿಚ್ಚುತ್ತ ಕುಳಿತವನಿಗೆ ನಷ್ಟ. ತಿಪಟೂರಿನ ಸುತ್ತಮುತ್ತ ಬೋರ್‌ವೆಲ್ ಮೋಟಾರುಗಳ ರಿವೈಂಡಿಂಗ್ (ಸುಟ್ಟ ಸುರುಳಿ ತೆಗೆದು ಹೊಸ ತಂತಿ ಸುತ್ತುವ ಕೆಲಸ) ಮಾಡುತ್ತ ಗುಜರಿ ಅಂಗಡಿಗಳ ಒಡನಾಟದಲ್ಲೇ ಬಹುಕಾಲ ಕಳೆದಿರುವ ನನಗೆ ಈ ನಂಬಿಕೆ ತಪ್ಪೆಂದು ತಕ್ಕಡಿಯೇ ತೋರಿಸಿಕೊಟ್ಟಿದೆ. ಬೆಂಕಿಗೆ ಹಾಕಿ ತೆಗೆದ ಕಪ್ಪು ತಾಮ್ರಕ್ಕೂ, ಸಿಪ್ಪೆ ಸುಲಿದು ತೆಗೆದ ಹೊಳೆಯುವ ತಾಮ್ರಕ್ಕೂ ಗುಜರಿಯವರು ಬೇರೆ ಬೇರೆ ದರ ಕಟ್ಟುತ್ತಾರೆ. ಸುಟ್ಟ ತಂತಿಯ ಮೇಲೆ ಬೂದಿಯೂ ಆಕ್ಸೈಡಿನ ಪದರವೂ ಕುಳಿತಿರುತ್ತದೆ, ಸಣ್ಣ ಎಳೆಗಳು ಉರಿದು ಪುಡಿಯಾಗುತ್ತವೆ, ಆ ಪುಡಿ ಮಣ್ಣಿನಲ್ಲೇ ಉಳಿಯುತ್ತದೆ. ಆದ್ದರಿಂದ ಸುಡುವವನು ದರದಲ್ಲೂ ತೂಕದಲ್ಲೂ ಕಳೆದುಕೊಳ್ಳುತ್ತಾನೆ, ಅದರ ಮೇಲೆ ಹೊಗೆಯನ್ನೂ ಕುಡಿಯುತ್ತಾನೆ. ಈ ಕೆಲಸದಲ್ಲಿ ಸುರಕ್ಷತೆ ಮತ್ತು ಲಾಭ ಎಂಬ ಎರಡು ದಾರಿಗಳಿಲ್ಲ ಎಂಬುದನ್ನು, ಮನೆಯ ಅಟ್ಟದಲ್ಲಿರುವ ಹಳೆಯ ಸಾಮಾನನ್ನು ತಾವೇ ಬಿಚ್ಚಲು ಹೊರಟವರಿಗೂ, ಗುಜರಿ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೂ ತಿಳಿಯುವಂತೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ವೈರಿನ ವಿಷಯವನ್ನೇ ಮುಗಿಸುತ್ತೇನೆ, ಏಕೆಂದರೆ ಅತಿ ಹೆಚ್ಚು ಕೆಡುಕು ಆಗುತ್ತಿರುವುದು ಅಲ್ಲಿ. ನಮ್ಮ ಮನೆಗಳ ವೈರುಗಳ ಹೊದಿಕೆ ಸಾಮಾನ್ಯವಾಗಿ ಪಿವಿಸಿ. ಪಿವಿಸಿ ರಾಳದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲೋರಿನ್ ಇರುತ್ತದೆ. ಅದನ್ನು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಕಣ್ಣು, ಮೂಗು, ಶ್ವಾಸಕೋಶಗಳ ತೇವ ತಾಗಿದೊಡನೆ ಅದು ಆಮ್ಲವಾಗುತ್ತದೆ. ಗಂಟಲು ಕೆರೆಯುವುದೂ ಕಣ್ಣು ಉರಿಯುವುದೂ ಅದರಿಂದಲೇ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು. ಕ್ಲೋರಿನ್ ತುಂಬಿದ ಹೊಗೆ ತಣಿಯುತ್ತಿರುವಾಗ ಡಯಾಕ್ಸಿನ್ ಎಂಬ ದೀರ್ಘಕಾಲ ಉಳಿಯುವ ವಿಷಗಳು ಹುಟ್ಟುತ್ತವೆ, ಮತ್ತು ಅವು ಹುಟ್ಟುವುದಕ್ಕೆ ತಾಮ್ರವೇ ವೇಗವರ್ಧಕವಾಗಿ ನಿಲ್ಲುತ್ತದೆ. ಅಂದರೆ ಪ್ಲಾಸ್ಟಿಕ್ ಚೀಲ ಸುಡುವುದಕ್ಕಿಂತಲೂ ತಾಮ್ರದ ವೈರು ಸುಡುವುದು ಹೆಚ್ಚು ಅಪಾಯಕಾರಿ. ಈ ವಿಷ ಹುಲ್ಲಿನ ಮೇಲೆ ಬೀಳುತ್ತದೆ, ಹಸುವಿನ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ, ಹಾಲಿನಲ್ಲಿ ಬರುತ್ತದೆ. ನಮ್ಮ ಕಡೆ ವೈರು ಸುಡುವುದು ಹೆಚ್ಚಾಗಿ ಊರಾಚೆಯ ಹಳ್ಳದ ಬದಿಯಲ್ಲಿ, ದನಗಳು ಮೇಯುವ ಜಾಗದಲ್ಲಿ. ಹಳೆಯ ಪಿವಿಸಿ ವೈರುಗಳ ಹೊದಿಕೆಯಲ್ಲಿ ಸೀಸದ ಸಂಯುಕ್ತಗಳನ್ನೂ ಬೆರೆಸುತ್ತಿದ್ದುದರಿಂದ ಉಳಿಯುವ ಬೂದಿಯೂ ನಿರಪಾಯವಲ್ಲ.

ಬದಲಿಗೆ ಮಾಡಬೇಕಾದದ್ದು ಸರಳ. ದಪ್ಪ ವೈರುಗಳನ್ನು ಬೇರೆ ಮಾಡಿ, ಮರದ ಹಲಗೆಗೆ ಬಿಗಿದ ಬ್ಲೇಡಿನ ನಡುವೆ ಎಳೆದರೆ ಹೊದಿಕೆ ಉದ್ದಕ್ಕೆ ಸೀಳಿಕೊಂಡು ಬರುತ್ತದೆ. ಕೈಯಿಂದ ತಿರುಗಿಸುವ ಸಣ್ಣ ಸುಲಿಯುವ ಯಂತ್ರವೂ ಈಗ ಸಿಗುತ್ತದೆ. ಬ್ಲೇಡು ಯಾವಾಗಲೂ ಹಲಗೆಗೆ ಬಿಗಿದಿರಬೇಕು, ಎಳೆಯುವ ಕೈ ಅದರಿಂದ ದೂರ ಸರಿಯುವಂತಿರಬೇಕು. ಕೈಯಲ್ಲಿ ಚಾಕು ಹಿಡಿದು ತಮ್ಮತ್ತ ಎಳೆದುಕೊಳ್ಳುವವರೇ ಹೆಬ್ಬೆರಳು ಕೊಯ್ದುಕೊಳ್ಳುವುದು. ಮೊಬೈಲ್ ಚಾರ್ಜರಿನ ವೈರಿನಂತಹ ತೆಳುವಾದವುಗಳನ್ನು ಸುಲಿಯುವುದರಿಂದ ಸಮಯಕ್ಕೆ ತಕ್ಕ ಫಲವಿಲ್ಲ. ಅವನ್ನು ಹೊದಿಕೆಯ ಸಮೇತ ಕಟ್ಟಿ ಮಾರಬೇಕು. ಕೊಂಡವರು ಸುಡುವವರೋ ಅಥವಾ ಯಂತ್ರದಲ್ಲಿ ಅರೆದು ಬೇರ್ಪಡಿಸುವವರಿಗೆ ಕಳಿಸುವವರೋ ಎಂದು ಕೇಳುವ ಹಕ್ಕು ಮಾರುವವನಿಗೆ ಇದೆ ಎಂದು ನಾನು ಭಾವಿಸುತ್ತೇನೆ.

ಎರಡನೆಯ ದೊಡ್ಡ ವಿಷಯ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಭಾಗ. ನಮ್ಮ ಕಡೆಯ ಮಾತಿನಲ್ಲಿ ಕಂಡೆನ್ಸರ್. ಪ್ಲಗ್ ಕಿತ್ತ ಮೇಲೆ ಕರೆಂಟು ಇರುವುದಿಲ್ಲ ಎಂದು ನಂಬಿ ಕೈ ಹಾಕುವವರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲಿ. ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿಯನ್ನು ತೆಗೆದುಕೊಳ್ಳಿ. 230 ವೋಲ್ಟ್ ಎಸಿಯನ್ನು ಅದು ಮೊದಲು ಡಿಸಿಯಾಗಿ ಮಾಡಿ ದೊಡ್ಡ ಕೆಪಾಸಿಟರುಗಳಲ್ಲಿ ತುಂಬುತ್ತದೆ. ಆ ಡಿಸಿಯ ಮಟ್ಟ ಸುಮಾರು 325 ವೋಲ್ಟ್. ಆಫ್ ಮಾಡಿದ ಮೇಲೆ ಅದನ್ನು ಮೆಲ್ಲಗೆ ಇಳಿಸುವ ಒಳಗಿನ ರೆಸಿಸ್ಟರ್ ಸುಟ್ಟುಹೋಗಿದ್ದರೆ ಈ ಚಾರ್ಜು ಬಹಳ ಹೊತ್ತು ಹಾಗೆಯೇ ನಿಲ್ಲುತ್ತದೆ. ಕೆಟ್ಟಿದೆ ಎಂದು ಗುಜರಿಗೆ ಬಂದ ಡಬ್ಬಿಯಲ್ಲಿ ಯಾವ ಭಾಗ ಕೆಟ್ಟಿದೆ ಎಂದು ಯಾರಿಗೆ ಗೊತ್ತು? ಹಾಗಾಗಿ ತುಂಬಿದೆ ಎಂದುಕೊಂಡೇ ಕೆಲಸ ಆರಂಭಿಸಬೇಕು.

ಸ್ಕ್ರೂಡ್ರೈವರಿನಿಂದ ಎರಡು ತುದಿಗಳನ್ನು ಕೂಡಿಸಿ ಪಟ್ ಎನ್ನಿಸುವುದು ಅಂಗಡಿಗಳಲ್ಲಿ ನಡೆದುಬಂದ ರೂಢಿ. ಕರಗಿದ ಲೋಹದ ಹನಿ ಕಣ್ಣಿಗೆ ಸಿಡಿಯಬಹುದು, ಮತ್ತೆ ಬಳಸಬಹುದಾದ ಕೆಪಾಸಿಟರೂ ಅದರಿಂದ ಕೆಡಬಹುದು. ಅದರ ಬದಲು 2.2 ಕಿಲೋ ಓಮ್, 10 ವ್ಯಾಟಿನ ಒಂದು ವೈರ್‌ವೌಂಡ್ ರೆಸಿಸ್ಟರಿಗೆ ಎರಡು ಕಡೆ ಒಳ್ಳೆಯ ಹೊದಿಕೆಯ ವೈರು ಬೆಸೆದು, ಬೆಸುಗೆಯ ಭಾಗವನ್ನೆಲ್ಲ ಸ್ಲೀವಿನಿಂದ ಮುಚ್ಚಿ ಇಟ್ಟುಕೊಂಡರೆ ಅದು ವರ್ಷಗಟ್ಟಲೆ ಬರುತ್ತದೆ. 220 ಮೈಕ್ರೋಫ್ಯಾರಡ್ ಕೆಪಾಸಿಟರಿನ ಚಾರ್ಜು ಇದರ ಮೂಲಕ ಎರಡು ಮೂರು ಸೆಕೆಂಡುಗಳಲ್ಲಿ ಬಹುತೇಕ ಇಳಿದುಬಿಡುತ್ತದೆ. ಆದರೂ ಹತ್ತು ಎಣಿಸುವವರೆಗೆ ಹಿಡಿಯಬೇಕು. ಆಮೇಲೆ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಅಳೆಯಬೇಕು. ದೊಡ್ಡ ಕೆಪಾಸಿಟರುಗಳಿಗೆ ಇನ್ನೊಂದು ಗುಣವಿದೆ: ಒಮ್ಮೆ ಖಾಲಿ ಮಾಡಿಟ್ಟರೂ ಸ್ವಲ್ಪ ಹೊತ್ತಿನ ಮೇಲೆ ತುದಿಗಳ ನಡುವೆ ವೋಲ್ಟೇಜು ತಾನಾಗಿಯೇ ಸ್ವಲ್ಪ ಮೇಲೇಳುತ್ತದೆ. ಆದ್ದರಿಂದ ಖಾಲಿ ಮಾಡಿದ ನಂತರ ಎರಡೂ ಕಾಲುಗಳನ್ನು ಒಂದು ತಂತಿಯಿಂದ ಸುತ್ತಿಡುವುದು ಒಳ್ಳೆಯದು. ಈ ಕೆಲಸ ಮಾಡುವಾಗ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಕೆಂದು ಹಿರಿಯ ಮೆಕ್ಯಾನಿಕ್‌ಗಳು ಹೇಳುವುದು ಸುಮ್ಮನಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ ಹರಿಯುವ ಕರೆಂಟು ಎದೆಯ ಮೂಲಕ ಹೋಗುತ್ತದೆ.

ಈ ಮಾತುಗಳಲ್ಲಿ ಮೈಕ್ರೋವೇವ್ ಓವನ್ ಸೇರಿಲ್ಲ. ಅದನ್ನು ನಾನು ಬೇರೆಯಾಗಿಯೇ ಇಡುತ್ತೇನೆ. ಅದರ ಟ್ರಾನ್ಸ್‌ಫಾರ್ಮರ್ ಎರಡು ಸಾವಿರ ವೋಲ್ಟಿನಷ್ಟು ಹೊರಡಿಸುತ್ತದೆ, ಮತ್ತು ಅದರ ಕೆಪಾಸಿಟರಿನ ಮೇಲೆ ಉಳಿಯುವ ವೋಲ್ಟೇಜು ಸಾಮಾನ್ಯ ಮಲ್ಟಿಮೀಟರು ತಡೆಯುವ 600 ಅಥವಾ 1000 ವೋಲ್ಟಿನ ಮಿತಿಯನ್ನು ಮೀರಬಹುದು. ಅಂದರೆ ಖಾಲಿಯಾಗಿದೆಯೇ ಎಂದು ನೋಡಲು ಹಿಡಿದ ಮೀಟರೇ ಕೈಯಲ್ಲಿ ಸಿಡಿಯಬಹುದು. ಹೆಚ್ಚು ವೋಲ್ಟೇಜಿನ ಕೆಲಸ ಕಲಿತವರ ಎದುರಿನಲ್ಲಲ್ಲದೆ ಅದರ ಮುಚ್ಚಳ ತೆಗೆಯಲೇಬಾರದು. ಆ ಟ್ರಾನ್ಸ್‌ಫಾರ್ಮರನ್ನು ಹೊರತೆಗೆದು ಮರದ ಮೇಲೆ ಮಿಂಚಿನಂತಹ ಚಿತ್ತಾರ ಸುಡುವ ವಿಡಿಯೋಗಳನ್ನು ನೋಡಿ ಕೆಲವರು ಅದನ್ನು ಕೇಳಿಕೊಂಡು ಬರುತ್ತಾರೆ. ಅಮೆರಿಕದಲ್ಲಿ ಅದೇ ಹವ್ಯಾಸದಿಂದ ಅನೇಕರು ಸತ್ತಿದ್ದಾರೆ. ನಾನು ಯಾರಿಗೂ ಕೊಡುವುದಿಲ್ಲ. ಅದೇ ಓವನ್ನಿನ, ಬಿಸಿಮಾಡುವ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್‌ನಲ್ಲಿ ಎರಡು ಒಳ್ಳೆಯ ಉಂಗುರದ ಅಯಸ್ಕಾಂತಗಳಿರುತ್ತವೆ. ಆದರೆ ಅದರ ಪಿಂಗಾಣಿಯ ಭಾಗದಲ್ಲಿ ಕೆಲವು ಬಗೆಗಳಲ್ಲಿ ಬೆರಿಲಿಯಂ ಆಕ್ಸೈಡ್ ಇರಬಹುದು. ಅದು ಇಡಿಯಾಗಿದ್ದಾಗ ಏನೂ ಮಾಡದು, ಪುಡಿಯಾಗಿ ಉಸಿರಿನೊಳಗೆ ಹೋದರೆ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಆ ಪಿಂಗಾಣಿಗೆ ಸುತ್ತಿಗೆ ತಾಕಿಸಬಾರದು.

ಇನ್ನು ನಾನು ಚೆನ್ನಾಗಿ ಬಲ್ಲ ವಸ್ತು, ಮೋಟಾರು. ನಮ್ಮ ತೆಂಗಿನ ತೋಟಗಳಲ್ಲಿ ಕೊಳವೆಬಾವಿಯಿಂದ ಮೇಲೆತ್ತಿದ ಸಬ್‌ಮರ್ಸಿಬಲ್ ಮೋಟಾರುಗಳಿಗೆ ಬರವಿಲ್ಲ. ಅವುಗಳ ಹೊರಕವಚ ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲು, ಒಳಗೆ ಸ್ಟ್ಯಾಂಪಿಂಗಿನ ಕಬ್ಬಿಣ (ಒಂದರ ಮೇಲೊಂದು ಜೋಡಿಸಿದ ತೆಳು ತಗಡುಗಳು), ತಾಮ್ರದ ವೈಂಡಿಂಗ್, ಕೆಲವದರಲ್ಲಿ ಕಂಚಿನ ಬುಷ್. ಇಡೀ ಮೋಟಾರನ್ನು ಕಬ್ಬಿಣದ ದರಕ್ಕೆ ಕೊಟ್ಟುಬಿಡುವ ರೈತರನ್ನು ನೋಡಿ ನನಗೆ ಸಂಕಟವಾಗುತ್ತದೆ. ನೀರು ತುಂಬುವ ಮೋಟಾರುಗಳ ವೈಂಡಿಂಗ್ ತಂತಿಗೆ ಪ್ಲಾಸ್ಟಿಕ್ಕಿನ ಪದರ ಸುತ್ತಿರುತ್ತದೆ. ಮೋಟಾರಿನ ತಿರುಗದ, ತಂತಿ ಸುತ್ತಿದ ಭಾಗವಾದ ಸ್ಟೇಟರಿನ ಒಂದು ಬದಿಯ ತಂತಿಯ ಗುಚ್ಛವನ್ನು ಚೂಪಾದ ಉಳಿಯಿಂದ ಸ್ಟ್ಯಾಂಪಿಂಗಿನ ಮಟ್ಟಕ್ಕೆ ಕತ್ತರಿಸಿ, ಇನ್ನೊಂದು ಬದಿಯಿಂದ ಇಕ್ಕಳದಲ್ಲಿ ಎಳೆದರೆ ಕಂತೆ ಕಂತೆಯಾಗಿ ಹೊರಬರುತ್ತದೆ. ವಾರ್ನಿಶ್ ಕುಡಿದ ವೈಂಡಿಂಗ್ ಅಷ್ಟು ಸುಲಭವಾಗಿ ಬರುವುದಿಲ್ಲ, ಅದಕ್ಕೆ ಹದವಾದ ಬಿಸಿ ಬೇಕು. ಆದರೆ ಸೌದೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಸ್ಟೇಟರ್ ರಿವೈಂಡಿಂಗಿಗೆ ಯೋಗ್ಯವಲ್ಲ. ಸ್ಟ್ಯಾಂಪಿಂಗಿನ ತಗಡುಗಳ ನಡುವೆ ಇರುವ ಅತಿ ತೆಳುವಾದ ನಿರೋಧಕ ಪದರ ಸುಮಾರು 370 ಡಿಗ್ರಿ ಸೆಲ್ಸಿಯಸ್ ಮೀರಿದರೆ ಹಾಳಾಗತೊಡಗುತ್ತದೆ. ಆ ಮೇಲೆ ಎಷ್ಟೇ ಚೆನ್ನಾಗಿ ತಾಮ್ರ ಸುತ್ತಿದರೂ ಮೋಟಾರು ಬಿಸಿಯಾಗುತ್ತದೆ, ಹೆಚ್ಚು ಕರೆಂಟು ತಿನ್ನುತ್ತದೆ, ಬೇಗ ಸುಡುತ್ತದೆ. ಬೆಂಕಿ ಹಾಕಿದವನು ತಾಮ್ರದ ಜೊತೆಗೆ ಸ್ಟೇಟರನ್ನೂ ಕಳೆದುಕೊಂಡಂತಾಯಿತು.

ತಾಮ್ರ ಎಂದು ಕಂಡದ್ದೆಲ್ಲ ತಾಮ್ರವೂ ಅಲ್ಲ. ಅಗ್ಗದ ಫ್ಯಾನುಗಳಲ್ಲಿ, ಟ್ಯೂಬ್‌ಲೈಟಿನ ಚೋಕುಗಳಲ್ಲಿ, ಓವನ್ನಿನ ಟ್ರಾನ್ಸ್‌ಫಾರ್ಮರುಗಳಲ್ಲಿ ಕೆಂಪು ಎನಾಮೆಲ್ ಬಳಿದ ಅಲ್ಯೂಮಿನಿಯಂ ತಂತಿ ಇರುವುದುಂಟು. ಅರದಿಂದ ಒಂದು ಗೆರೆ ಉಜ್ಜಿ ನೋಡಿದರೆ ಬೆಳ್ಳಗೆ ಕಾಣುತ್ತದೆ. ಕೈಯಲ್ಲಿ ತೂಗಿ ನೋಡಿದರೂ ತಿಳಿಯುತ್ತದೆ, ತಾಮ್ರ ಅಲ್ಯೂಮಿನಿಯಮ್ಮಿನ ಮೂರು ಪಟ್ಟಿಗಿಂತ ಹೆಚ್ಚು ಭಾರ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಇಡೀ ಚೀಲಕ್ಕೆ ಕಡಿಮೆ ದರ ಬೀಳುತ್ತದೆ. ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಪಕ್ಕದಲ್ಲಿಟ್ಟುಕೊಳ್ಳಿ. ಹಿತ್ತಾಳೆಯ ಬಣ್ಣ ಬಳಿದ ಕಬ್ಬಿಣದ ಸ್ಕ್ರೂಗಳನ್ನು ಅದು ತಕ್ಷಣ ಹಿಡಿದುಕೊಡುತ್ತದೆ. ಪ್ಲಗ್ಗಿನ ಪಿನ್ನುಗಳು, ಹೋಲ್ಡರುಗಳು, ಹಳೆಯ ಸ್ವಿಚ್ಚುಗಳ ಒಳಭಾಗ, ಇವು ಒಳ್ಳೆಯ ಹಿತ್ತಾಳೆ.

ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕರೆಂಟನ್ನು ಕೂಡಿಸಿ ಕಡಿಯುವ ಕಾಂಟ್ಯಾಕ್ಟರುಗಳಲ್ಲಿ ಬೆಳ್ಳಿಯ ಚುಕ್ಕೆಗಳಿರುತ್ತವೆ ಎಂಬುದನ್ನು ತಿಳಿದವರು ಅವನ್ನು ಕಿತ್ತು ಕರಗಿಸಲು ನೋಡುತ್ತಾರೆ. ಅದು ಶುದ್ಧ ಬೆಳ್ಳಿಯಲ್ಲ. ಬಹಳಷ್ಟು ಹಳೆಯ ಕಾಂಟ್ಯಾಕ್ಟುಗಳಲ್ಲಿ ಬೆಳ್ಳಿಯೊಂದಿಗೆ ಕ್ಯಾಡ್ಮಿಯಂ ಆಕ್ಸೈಡ್ ಬೆರೆಸಿರುತ್ತಾರೆ, ಮತ್ತು ಕರಗಿಸುವಾಗ ಏಳುವ ಕ್ಯಾಡ್ಮಿಯಂ ಹೊಗೆ ಶ್ವಾಸಕೋಶ, ಮೂತ್ರಪಿಂಡ ಎರಡಕ್ಕೂ ಮಾರಕ. ಅವನ್ನು ಅರದಿಂದ ತಿಕ್ಕಬಾರದು, ಕಾಯಿಸಬಾರದು. ತಳದ ತಾಮ್ರದ ಪಟ್ಟಿಯ ಸಮೇತ ಹಾಗೆಯೇ ಬೇರೆ ಡಬ್ಬಿಯಲ್ಲಿ ಕೂಡಿಟ್ಟು ಮಾರಬೇಕು.

ಲೋಹಕ್ಕಿಂತ ಬಿಡಿಭಾಗಕ್ಕೇ ಹೆಚ್ಚು ಬೆಲೆ ಬರುವುದನ್ನು ನಮ್ಮ ಹುಡುಗರು ಮರೆಯುತ್ತಾರೆ. ಸುತ್ತಿಗೆ ಬಳಸದೆ ಸ್ಕ್ರೂ ಬಿಚ್ಚಿ ತೆಗೆದ ಮಿಕ್ಸಿಯ ಸ್ವಿಚ್ಚು, ಫ್ಯಾನಿನ ಬೇರಿಂಗು, ಕಂಪ್ಯೂಟರಿನ ತಂಪುಗೊಳಿಸುವ ಫ್ಯಾನು, ಯುಪಿಎಸ್ಸಿನ ಟ್ರಾನ್ಸ್‌ಫಾರ್ಮರು, ಓವನ್ನಿನ ಬಾಗಿಲ ಬಳಿಯ ಮೈಕ್ರೋಸ್ವಿಚ್ಚುಗಳು, ದಪ್ಪನೆಯ ಅಲ್ಯೂಮಿನಿಯಂ ಹೀಟ್‌ಸಿಂಕು, ಇವೆಲ್ಲ ರಿಪೇರಿ ಅಂಗಡಿಗಳಲ್ಲಿ ಬಿಕರಿಯಾಗುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂತಹ ಭಾಗಗಳನ್ನು ಹುಡುಕಿಕೊಂಡು ದೂರದ ಜಿಲ್ಲೆಗಳಿಂದಲೂ ಜನ ಬರುತ್ತಾರೆ. ಆದರೆ ಎಲ್ಲವನ್ನೂ ಮರುಬಳಕೆ ಮಾಡಬಾರದು. ಫ್ಯೂಸು, ಎಂಸಿಬಿ, ಬಿಸಿ ಮಿತಿ ಮೀರಿದಾಗ ಕರೆಂಟು ಕಡಿಯುವ ಥರ್ಮಲ್ ಕಟ್‌ಔಟ್, ಹೊದಿಕೆ ಬಿರಿದ ವೈರು, ಮೇಲ್ಭಾಗ ಉಬ್ಬಿದ ಕೆಪಾಸಿಟರು, ಇವನ್ನು ಇನ್ನೊಬ್ಬರ ಮನೆಯ ಉಪಕರಣಕ್ಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಪಾಯದ ಹೊತ್ತಿನಲ್ಲಿ ಮಾತ್ರ ಕೆಲಸ ಮಾಡುವ ಭಾಗ ಸರಿಯಿದೆಯೋ ಇಲ್ಲವೋ ಎಂಬುದು ನೋಟಕ್ಕೆ ತಿಳಿಯುವುದಿಲ್ಲ.

ತೆರೆಯಲೇಬಾರದ ವಸ್ತುಗಳೂ ಇವೆ. ಫ್ರಿಜ್ಜಿನ ಕಂಪ್ರೆಸರ್ ಅವುಗಳಲ್ಲಿ ಮೊದಲನೆಯದು. ಅದರ ಕೊಳವೆಯನ್ನು ಗ್ರೈಂಡರಿನಿಂದ ಕತ್ತರಿಸುವವರನ್ನು ಎಲ್ಲ ಊರಿನಲ್ಲೂ ಕಾಣಬಹುದು. ಕಂಪ್ರೆಸರಿನ ಮೇಲಿನ ಚೀಟಿಯಲ್ಲಿ ಆರ್-600ಎ ಎಂದು ಬರೆದಿದ್ದರೆ ಒಳಗಿರುವುದು ಐಸೋಬ್ಯೂಟೇನ್, ಅಡುಗೆ ಅನಿಲದ ಜಾತಿಯದು. ಗ್ರೈಂಡರಿನ ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ. ಹಳೆಯ ಫ್ರಿಜ್ಜುಗಳಲ್ಲಿದ್ದ ಆರ್-12 ಹೊತ್ತುವುದಿಲ್ಲ, ಆದರೆ ಓಝೋನ್ ಪದರವನ್ನು ತಿನ್ನುತ್ತದೆ. ಎರಡಕ್ಕೂ ಅನಿಲವನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಇರುವ ಮೆಕ್ಯಾನಿಕ್ ಬೇಕು. ಫ್ರಿಜ್ಜಿನ ಗೋಡೆಯೊಳಗಿನ ಹಳದಿ ಫೋಮನ್ನು ಸುಟ್ಟರೆ ಸೈನೈಡ್ ಅನಿಲ ಹೊರಡುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಹಿಂಬದಿ ಉಬ್ಬಿದ ಹಳೆಯ ಟಿವಿಯ ಗಾಜಿನ ಕೊಳವೆ ಒಳಗೆ ನಿರ್ವಾತವಾಗಿರುತ್ತದೆ, ಒಡೆದರೆ ಗಾಜು ಸಿಡಿಯುತ್ತದೆ. ಆ ಗಾಜಿನಲ್ಲಿ ಸೀಸ ಬೆರೆತಿದೆ, ಬಣ್ಣದ ಟಿವಿಯ ಮೇಲಿನ ರಬ್ಬರ್ ಟೋಪಿಯ ಕೆಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಚಾರ್ಜು ಉಳಿದಿರಬಹುದು. ಕುತ್ತಿಗೆಯ ಸುತ್ತಲಿನ ಸ್ವಲ್ಪ ತಾಮ್ರಕ್ಕಾಗಿ ಇಷ್ಟನ್ನು ಎದುರಿಸುವುದು ಬೇಡ. ಟ್ಯೂಬ್‌ಲೈಟು ಮತ್ತು ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸವಿದೆ, ಇಡಿಯಾಗಿಯೇ ಕೊಡಬೇಕು. ಹಳೆಯ ಇಸ್ತ್ರಿ ಪೆಟ್ಟಿಗೆಯೊಳಗೆ ಬೂದುಬಣ್ಣದ, ನಾರುನಾರಾದ ಹಲಗೆ ಕಂಡರೆ ಅದು ಕಲ್ನಾರು ಇರಬಹುದು. ಮುರಿಯದೆ, ನೀರು ಚಿಮುಕಿಸಿ, ಚೀಲದಲ್ಲಿ ಕಟ್ಟಿಡಬೇಕು. ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯನ್ನು ಮರಕ್ಕಾಗಲಿ ಮೈಗಾಗಲಿ ಹಚ್ಚಬಾರದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚದೆ, ಒಣ ಮರಳಿರುವ ಲೋಹದ ಡಬ್ಬಿಯಲ್ಲಿ ಮನೆಯ ಹೊರಗೆ ಇಡಬೇಕು.

ಕಂಪ್ಯೂಟರಿನ ಹಸಿರು ಬೋರ್ಡುಗಳ ಚಿನ್ನದ ಕಥೆ ಎಲ್ಲರಿಗೂ ಗೊತ್ತು. ದೆಹಲಿಯ ಸೀಲಂಪುರದಲ್ಲಿ, ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆ ಬೋರ್ಡುಗಳನ್ನು ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವ ಕೆಲಸಕ್ಕೆ ಎಷ್ಟೋ ಸಂಸಾರಗಳು ಅಂಟಿಕೊಂಡಿವೆ. ಮೊರಾದಾಬಾದಿನಲ್ಲಿ ಆ ಬೂದಿ ರಾಮಗಂಗಾ ನದಿಯ ದಡದಲ್ಲಿ ರಾಶಿ ಬಿದ್ದಿದೆ. ನೈಟ್ರಿಕ್ ಆಮ್ಲದಿಂದ ಏಳುವ ಕಂದು ಹೊಗೆಯ ಕೆಡುಕು ಏನೆಂದರೆ, ಆಗ ಸ್ವಲ್ಪ ಕೆಮ್ಮು ಬಂದು ನಿಂತಂತೆ ಕಂಡರೂ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಮೂಗಿಗೆ ಕಟ್ಟಿದ ಬಟ್ಟೆಯಾಗಲಿ ಧೂಳಿನ ಮಾಸ್ಕಾಗಲಿ ಅನಿಲವನ್ನು ತಡೆಯುವುದಿಲ್ಲ. ಬೋರ್ಡುಗಳನ್ನು ಇಡಿಯಾಗಿ ಮಾರಿದರೆ ಅವಕ್ಕೆ ಒಳ್ಳೆಯ ದರವೇ ಇದೆ.

ಸೀಸದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಇನ್ವರ್ಟರ್ ಬ್ಯಾಟರಿಯನ್ನು ಒಡೆದು, ಆಮ್ಲವನ್ನು ಮೋರಿಗೆ ಚೆಲ್ಲಿ, ಒಳಗಿನ ಸೀಸದ ಹಲಗೆಗಳನ್ನು ಬಾಣಲೆಯಲ್ಲಿ ಕರಗಿಸುವವರ ಮನೆಯ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತದೆ, ಏಕೆಂದರೆ ಆ ಧೂಳು ಅಪ್ಪನ ಅಂಗಿಯ ಮೇಲೆ ಮನೆಗೆ ಬರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ದೇಶದಲ್ಲೆಲ್ಲ ಅರಿವು ಮೂಡಿಸಲು ತಮ್ಮ ಆಯುಷ್ಯದ ಬಹುಭಾಗವನ್ನು ಕೊಟ್ಟರು. ಇಷ್ಟು ಸೀಸ ರಕ್ತದಲ್ಲಿದ್ದರೆ ತೊಂದರೆಯಿಲ್ಲ ಎನ್ನಬಹುದಾದ ಸುರಕ್ಷಿತ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳೆಯ ಬೋರ್ಡುಗಳ ಬೆಸುಗೆಯಲ್ಲೂ ಸೀಸವಿದೆ. ಆದ್ದರಿಂದ ಈ ಕೆಲಸಕ್ಕೆ ಒಂದು ಜೊತೆ ಬೇರೆ ಬಟ್ಟೆ ಇರಬೇಕು, ಅದನ್ನು ಮನೆಯ ಬಟ್ಟೆಗಳ ಜೊತೆ ಒಗೆಯಬಾರದು. ಕೆಲಸದ ಜಾಗದಲ್ಲಿ ಊಟ, ಬೀಡಿ, ಎಲೆ ಅಡಿಕೆ ಕೂಡದು. ಸೋಪಿನಿಂದ ಕೈ ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಬೇಕು. ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬ್ಯಾಟರಿಯನ್ನಂತೂ ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಿಂದಿರುಗಿಸಿದರೆ ಬೆಲೆಯಲ್ಲಿ ವಜಾ ಸಿಗುತ್ತದೆ, ಒಡೆಯುವ ಪ್ರಸಂಗವೇ ಬರುವುದಿಲ್ಲ.

ಆಸ್ಪತ್ರೆ, ಕಾಲೇಜು, ಕಾರ್ಖಾನೆಗಳ ಹರಾಜಿನಲ್ಲಿ ಸಾಮಾನು ಕೊಳ್ಳುವ ಗುಜರಿಯವರಿಗೆ ಒಂದು ಮಾತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಒಂದು ಹಳೆಯ ಪ್ರಯೋಗಾಲಯ ಯಂತ್ರವನ್ನು ಬಿಚ್ಚಿದಾಗ ಅದರೊಳಗಿನ ಕೋಬಾಲ್ಟ್-60 ಹೊರಬಿತ್ತು. ವಿಕಿರಣದಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬರು ಸತ್ತರು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ಹರಾಜು ಹಾಕಿದ್ದ ಯಂತ್ರ ಅದು. ಹಳದಿ ಹಿನ್ನೆಲೆಯಲ್ಲಿ ಮೂರು ಎಸಳಿನ ಗುರುತು ಕಂಡರೆ, ಅಥವಾ ಚಿಕ್ಕ ಪೆಟ್ಟಿಗೆ ಸೀಸದ ಗೋಡೆಯಿಂದಾಗಿ ಅಸಹಜವಾಗಿ ಭಾರವಾಗಿದ್ದರೆ, ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು.

ಕಾನೂನು ಏನು ಹೇಳುತ್ತದೆ ಎಂದು ಬಹಳ ಮಂದಿ ಕೇಳುತ್ತಾರೆ. ಇ-ತ್ಯಾಜ್ಯಕ್ಕೆಂದೇ ಪ್ರತ್ಯೇಕ ನಿಯಮಗಳು 2011ರಲ್ಲಿ ಬಂದವು. ಈಗ ನಡೆಯುತ್ತಿರುವುದು 2022ರ ನಿಯಮಗಳು, ಇವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದುರಸ್ತಿ ಮಾಡಿ ಮರುಮಾರಾಟ ಮಾಡುವುದನ್ನೋ ಮರುಬಳಕೆಗೆ ಲೋಹ ತೆಗೆಯುವುದನ್ನೋ ಉದ್ಯಮವಾಗಿ ನಡೆಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಸಣ್ಣ ಗುಜರಿಯವರಿಗೆ ಇದು ಭಾರವೆನಿಸುತ್ತದೆ, ಆ ಕಷ್ಟ ನನಗೆ ಅರ್ಥವಾಗುತ್ತದೆ. ಅವರನ್ನು ಬೆದರಿಸುವ ಬದಲು, ಬಿಚ್ಚಿ ವಿಂಗಡಿಸುವಷ್ಟನ್ನು ಅವರಿಗೆ ಬಿಟ್ಟು, ಬೋರ್ಡು, ಟಿವಿ ಕೊಳವೆ, ಟ್ಯೂಬ್‌ಲೈಟುಗಳನ್ನು ನೋಂದಾಯಿತ ಘಟಕಗಳಿಗೆ ಒಳ್ಳೆಯ ದರದಲ್ಲಿ ತಲುಪಿಸುವ ವ್ಯವಸ್ಥೆಯನ್ನು ತಾಲ್ಲೂಕು ಮಟ್ಟದಲ್ಲಿ ಮಾಡಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಮ್ಮ ಜಿಲ್ಲೆಯ ಗಡಿ ದಾಟಿದೊಡನೆ ಸಿಗುವ ಡಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ 2005ರಿಂದಲೇ ಇ-ತ್ಯಾಜ್ಯದ ಕೆಲಸ ಮಾಡುತ್ತಿದೆ. ದೇಶದಲ್ಲಿ ಸರ್ಕಾರದ ಅನುಮತಿ ಪಡೆದು ಮೊದಲಿಗೆ ಆರಂಭವಾದವುಗಳಲ್ಲಿ ಅದು ಒಂದು. ಇಷ್ಟು ಹತ್ತಿರ ಇದ್ದರೂ ನಮ್ಮ ಹಳ್ಳಿಗಳ ಒಡೆದ ಟಿವಿಗಳು ಹಳ್ಳದಲ್ಲಿ ಬಿದ್ದಿರುವುದಕ್ಕೆ, ಅಲ್ಲಿಯವರೆಗೆ ಸಾಗಿಸುವ ಖರ್ಚನ್ನು ಯಾರೂ ಹೊರುತ್ತಿಲ್ಲ ಎಂಬುದೊಂದೇ ಕಾರಣ.

ಅಂತಹ ವ್ಯವಸ್ಥೆ ಬರುವವರೆಗೆ ಮನೆಯವರು ಮಾಡಬಹುದಾದದ್ದು ಇಷ್ಟು. ಮಾರುವ ಮುನ್ನ ಐದು ರಾಶಿ ಮಾಡಿ: ಹೊಳೆಯುವ ತಾಮ್ರ, ಹೊದಿಕೆಯ ಸಮೇತ ವೈರು, ಅಲ್ಯೂಮಿನಿಯಂ, ಹಿತ್ತಾಳೆ, ಕಬ್ಬಿಣ. ಪ್ರತಿಯೊಂದಕ್ಕೂ ಬೇರೆ ದರ ಕೇಳಿ, ಬೇರೆ ಬೇರೆಯಾಗಿ ತೂಗಿಸಿ. ಬೋರ್ಡು, ಬ್ಯಾಟರಿ, ಟ್ಯೂಬ್‌ಲೈಟು, ಟಿವಿ ಕೊಳವೆ, ಕಂಪ್ರೆಸರುಗಳನ್ನು ಈ ರಾಶಿಗಳಿಗೆ ಸೇರಿಸದೆ, ಒಡೆಯದೆ ಒಂದು ಮೂಲೆಯಲ್ಲಿಡಿ. ಹತ್ತು ಮನೆಗಳವು ಕೂಡಿದರೆ ಒಂದು ಲಗೇಜ್ ಆಟೋ ತುಂಬುತ್ತದೆ, ಬಾಡಿಗೆ ಹಂಚಿಕೊಳ್ಳಬಹುದು.